ಹೊರಕ್ಕೆ ಸರಿಯುವ ಕೋಣೆ

ಆ ಗಾಡಿಗೆ ನಾನು ಕೊಟ್ಟದ್ದು ಎರಡು ಸಾವಿರದ ಆರುನೂರು ದಿನಾರು. ಅದು ಹೆಚ್ಚಾಯಿತೆಂದು ಬಹ್ರೇನಿನ ಮನಾಮಾ ಪೇಟೆಯಲ್ಲಿ ನನ್ನ ಬೆನ್ನ ಹಿಂದೆ ಆಡಿಕೊಳ್ಳುವವರಿದ್ದಾರೆ. ಅವರಿಗೆ ನಾನು ಉತ್ತರ ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಎಂಬುದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯಬೇಕಾಗಿದೆ. ನಿಜವಾಗಿ ಅದರ ಬೆಲೆ ಬಹಳ ಮೇಲಿತ್ತು. ಇಳಿದದ್ದು ಒಂದು ಕೋಣೆಯ ದೆಸೆಯಿಂದ. ಗಾಡಿಯೆಂದರೆ ಅಮೆರಿಕದಲ್ಲಿ ತಯಾರಾದ ಹಳೆಯ ಮೋಟರ್‌ಹೋಮ್. ಒಂದು ಬಸ್ಸಿನೊಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲವನ್ನೂ ಕೂರಿಸಿದರೆ ಏನಾಗುತ್ತದೋ ಅದು. ಅದರ ಎಡಪಕ್ಕದ ಗೋಡೆಯ ಒಂದು ಭಾಗ, ಸೋಫಾ ಮತ್ತು ಊಟದ ಮೇಜಿನ ಸಮೇತ, ಗುಂಡಿ ಒತ್ತಿದರೆ ಮೇಜಿನ ಡ್ರಾಯರಿನ ಹಾಗೆ ಹೊರಕ್ಕೆ ಸರಿದು ಒಳಗೆ ಒಂದು ಕೋಣೆಯಷ್ಟು ಜಾಗ ಮಾಡಿಕೊಡಬೇಕಿತ್ತು. ಇದಕ್ಕೆ ಸ್ಲೈಡ್ ಎನ್ನುತ್ತಾರೆ. ನಮ್ಮದು ಸರಿಯುತ್ತಿರಲಿಲ್ಲ. ಕೆಟ್ಟದ್ದನ್ನು ಕಡಿಮೆಗೆ ಕೊಂಡು ನೆಟ್ಟಗೆ ಮಾಡಿಸುವುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಹಾಗಾಗಿ ಕೊಂಡೆ.

ನನ್ನದು ಹಳೆಯ ಮನೆಸಾಮಾನಿನ ಅಂಗಡಿ. ಬಹ್ರೇನಿನಲ್ಲಿ ಯಾರೂ ಪೂರ್ತಿಯಾಗಿ ಮನೆ ಮಾಡುವುದಿಲ್ಲ. ನಾಲ್ಕಾರು ವರ್ಷಕ್ಕೆ ಕರಾರು ಮುಗಿಯುತ್ತದೆ, ವಿಮಾನದ ಟಿಕೇಟು ಕೈಗೆ ಬರುತ್ತದೆ. ಆಗ ಅಷ್ಟು ದಿನ ಪ್ರೀತಿಯಿಂದ ಒರೆಸಿಟ್ಟ ಸೋಫಾ ಒಂದೇ ದಿನದಲ್ಲಿ ಹೊರೆಯಾಗುತ್ತದೆ. ಆ ದಿನ ಬಾಗಿಲು ತಟ್ಟುವವನು ನಾನು. ವ್ಯಾಪಾರಕ್ಕೆ ಹೋದಲ್ಲಿ ನಾನು ಯಾವ ವಸ್ತುವನ್ನೂ ಹೊಗಳಿದವನಲ್ಲ. ಮೊದಲು ಸುಮ್ಮನೆ ನೋಡುತ್ತೇನೆ. ಆಮೇಲೆ ಒಂದು ಮೂಲೆಯನ್ನು ಮುಟ್ಟಿ ಉಸಿರು ಬಿಡುತ್ತೇನೆ. ಆ ಉಸಿರಿಗೇ ಬೆಲೆ ಸ್ವಲ್ಪ ಇಳಿಯುತ್ತದೆ. ಬರಿಗೈಯಲ್ಲಿ ಬಂದಿಳಿದವನು ಇಂದು ಸ್ವಂತ ಅಂಗಡಿ ಇಟ್ಟುಕೊಂಡಿದ್ದರೆ ಅದಕ್ಕೆ ಕಾರಣ ಈ ಉಸಿರು. "ಅವರಿಗೆ ಮೋಸ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ" ಎಂದು ಊರಿನವರು ನನ್ನ ಬಗ್ಗೆ ಹೇಳುತ್ತಿದ್ದರು. ಅಂಗಡಿಯ ಬೋರ್ಡಿಗಿಂತ ಆ ಮಾತು ನನಗೆ ಹೆಚ್ಚು ಗಿರಾಕಿಗಳನ್ನು ತಂದಿದೆ.

ಆದರೆ ಮನೆಯ ವಿಷಯದಲ್ಲಿ ನನ್ನ ಚೌಕಾಸಿ ನಡೆಯಲಿಲ್ಲ. ನಾವಿದ್ದದ್ದು ಗುದೈಬಿಯಾದ ಒಂದು ಹಳೆಯ ಫ್ಲ್ಯಾಟಿನಲ್ಲಿ. ಗಲ್ಫಿನಲ್ಲಿ ನಮ್ಮ ಕಡೆಯವರಲ್ಲಿ ಒಂದು ಪದ್ಧತಿ ಉಂಟು. ಊರಿನಿಂದ ಕೆಲಸ ಹುಡುಕಿಕೊಂಡು ವಿಸಿಟ್ ವೀಸಾದಲ್ಲಿ ಬಂದವನು ಯಾರದೋ ಮನೆಯ ಹಾಲಿನಲ್ಲಿ ಮಲಗುತ್ತಾನೆ. ಕೆಲಸ ಸಿಗುವವರೆಗೆ ಅವನು ಆ ಮನೆಯವನೇ. ನಾನೂ ಹಾಗೆ ಇನ್ನೊಬ್ಬರ ಹಾಲಿನಲ್ಲಿ ಮಲಗಿಯೇ ಮೇಲೆ ಬಂದವನು. ಆದ್ದರಿಂದ ಬೇಡವೆನ್ನಲು ನಾಲಗೆ ಹೊರಳುವುದಿಲ್ಲ. ಮೊದಲು ನಮಗಿದ್ದದ್ದು ಒಂದೇ ಕೋಣೆ. ಹಾಲಿನಲ್ಲಿ ಒಬ್ಬರು ಮಲಗುತ್ತಿದ್ದರು. ಇಕ್ಕಟ್ಟಾಯಿತೆಂದು ಎರಡು ಕೋಣೆಯ ಫ್ಲ್ಯಾಟಿಗೆ ಬಂದೆವು. ಆ ಸುದ್ದಿ ನಮ್ಮ ಸಾಮಾನಿಗಿಂತ ಮೊದಲೇ ಊರು ಮುಟ್ಟಿತು. ಹಾಲಿನಲ್ಲೂ ಎರಡನೆಯ ಕೋಣೆಯಲ್ಲೂ ಜನ ತುಂಬಿದರು. ನಮ್ಮ ಕೋಣೆಯ ಕಪಾಟಿನಲ್ಲಿ ಅವರ ಸೂಟ್‌ಕೇಸುಗಳಿದ್ದುದರಿಂದ ಆ ಬಾಗಿಲಿಗೂ ಚಿಲಕ ಹಾಕುವಂತಿರಲಿಲ್ಲ. "ಅತ್ತಿಗೆ, ಒಂದು ಅಂಗಿ ತೆಗೀಲಿಕ್ಕುಂಟು" ಎಂದು ಬೆಳಿಗ್ಗೆಯೇ ಯಾರಾದರೂ ತಟ್ಟುತ್ತಿದ್ದರು.

ಇವರೆಲ್ಲರಲ್ಲಿ ಹೆಚ್ಚು ಕಾಲ ನೆಲೆಸಿದವನು ದಿನಕರ, ನನ್ನ ಚಿಕ್ಕಪ್ಪನ ಮಗ. ಒಳ್ಳೆಯವನು. ಕೆಲಸವೂ ಸಿಕ್ಕಿತ್ತು. ಆದರೆ ಕಂಪೆನಿಯ ಕ್ಯಾಂಪಿನ ಊಟ ಅವನಿಗೆ ಒಗ್ಗಲಿಲ್ಲ. "ಅತ್ತಿಗೆಯ ಸಾರು ಬಿಟ್ಟು ನಾನು ಎಲ್ಲಿಗೆ ಹೋಗುದು ಅಣ್ಣ?" ಎಂದು ಅವನು ಕೇಳಿದರೆ ನನಗೆ ಅಭಿಮಾನವೇ ಆಗುತ್ತಿತ್ತು. ಸಾರು ಮಾಡುವವಳನ್ನು ನಾನು ಕೇಳಿರಲಿಲ್ಲ.

ಸಾರು ಮಾಡುವವಳು, ನನ್ನ ಹೆಂಡತಿ ವಾರಿಜಾ, ದೂರು ಹೇಳುವ ಜಾತಿಯವಳಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಎಲ್ಲರಿಗೂ ಬಡಿಸಿ ಕೊನೆಗೆ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಳು. ನಾನು ನೀರಿಗೆಂದು ಹೋದೆ. ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ನನಗೆ ಒಂದು ಬಾಗಿಲು ಬೇಕು."

"ಎಂಥ ಬಾಗಿಲು?"

"ಒಳಗಿಂದ ಹಾಕುವಂಥದ್ದು. ವಾರಕ್ಕೊಂದು ದಿನ ಸಾಕು. ಬಂಗಾರ ಕೇಳ್ಲಿಲ್ಲ ನಾನು."

ಬಂಗಾರ ಕೇಳಿದ್ದರೆ ಚೌಕಾಸಿ ಮಾಡಬಹುದಿತ್ತು. ಇದಕ್ಕೆ ಏನು ಮಾಡುವುದು? ಜಿಂಜ್‌ನಲ್ಲಿ ಮೂರು ಕೋಣೆಯ ಮನೆ ನೋಡೋಣವೇ ಎಂದೆ. "ಮತ್ತೆ ಮೂವರು ಬರ್ತಾರೆ" ಎಂದಳು. ಲೆಕ್ಕ ಸರಿಯಾಗಿತ್ತು. ಇದ್ದಲ್ಲೇ ಇರುವ ಮನೆ ನಮಗೆ ಆಗಿಬರುವುದಿಲ್ಲ, ಎದ್ದು ಹೋಗಬಲ್ಲ ಮನೆ ಬೇಕು ಎಂಬುದು ನನಗೆ ಹೊಳೆದದ್ದು ಆಗ. ಚಳಿಗಾಲ ಬಂತೆಂದರೆ ಇಲ್ಲಿಯವರು ಸಖೀರಿನ ಮರಳಿನಲ್ಲಿ ಡೇರೆ ಹಾಕಿ ವಾರಗಟ್ಟಲೆ ಇರುತ್ತಾರೆ. ಅವರ ನಡುವೆ ಎಲ್ಲೋ ಒಂದು ಮೂಲೆಯಲ್ಲಿ, ರಜೆಯ ದಿನ ನಮ್ಮ ಗಾಡಿಯೂ ನಿಂತರೆ ಯಾರಿಗೇನು ಕಷ್ಟ? ಅದಕ್ಕೆ ಒಳಗಿಂದ ಹಾಕುವ ಬಾಗಿಲಿದ್ದರಾಯಿತು.

ಹೀಗೆ ನಾನು ಮೋಟರ್‌ಹೋಮುಗಳ ಅಧ್ಯಯನಕ್ಕಿಳಿದೆ. ಆ ಹೊತ್ತಿಗೆ ಮಾರಾಟಕ್ಕಿದ್ದವು ಎರಡು. ಒಂದಕ್ಕೆ ಸ್ಲೈಡ್ ಇಲ್ಲ. ಒಳಗೆ ಕಾಲಿಟ್ಟರೆ ರೈಲಿನ ಬೋಗಿ. ಇನ್ನೊಂದಕ್ಕೆ ಇದೆ. ಸ್ಲೈಡ್ ಇದ್ದರೆ ನಿಂತಲ್ಲಿ ಸುಖ, ಹೊರಟಲ್ಲಿ ಭಾರ. ಅದನ್ನು ತಳ್ಳುವ ಮೋಟರು, ಹಳಿ, ಹಲ್ಲಿನ ಚಕ್ರ ಎಲ್ಲವೂ ತೂಕವೇ, ಎಲ್ಲವೂ ಕೆಡುವಂಥವೇ. ಸುತ್ತಲೂ ರಬ್ಬರಿನ ಅಂಚು ಇರುತ್ತದೆ. ನಮ್ಮ ಆಗಸ್ಟಿನ ಬಿಸಿಲಿಗೆ ಅದು ಹಪ್ಪಳವಾಗುತ್ತದೆ. ಹಪ್ಪಳವಾದ ರಬ್ಬರಿನ ಸಂದಿಯಿಂದ ಮರಳುಗಾಳಿಯ ಹುಡಿ ಒಳಗೆ ಬಂದು ಹಳಿಯಲ್ಲಿ ಕೂರುತ್ತದೆ. ಅದಕ್ಕೆ ಎಣ್ಣೆ ಹಾಕುವ ಬುದ್ಧಿವಂತರಿದ್ದಾರೆ. ಎಣ್ಣೆಗೆ ಮರಳು ಅಂಟಿದರೆ ಅರೆಯುವ ಕಲ್ಲಿಗೂ ಅದಕ್ಕೂ ವ್ಯತ್ಯಾಸವಿಲ್ಲ. ವರ್ಷಕ್ಕೆ ನಾಲ್ಕು ಹನಿ ಮಳೆ ಎಂದು ಉದಾಸೀನ ಮಾಡುವಂತೆಯೂ ಇಲ್ಲ. ಆ ನಾಲ್ಕು ಹನಿ ನೇರ ಸ್ಲೈಡಿನ ಮಾಡಿನ ಮೇಲೆ ನಿಂತು, ಸಂದಿ ಹುಡುಕಿ ಇಳಿದು, ನೆಲದ ಹಲಗೆಯನ್ನು ನೆನೆಸಿದ ಅವಲಕ್ಕಿಯ ಹಾಗೆ ಮಾಡುತ್ತವೆ. ಇದನ್ನೆಲ್ಲ ತಿಳಿದುಕೊಂಡ ಮೇಲೆ ಯಾವ ವಿವೇಕಿಯೂ ಸ್ಲೈಡ್ ಇಲ್ಲದ್ದನ್ನೇ ಕೊಳ್ಳುತ್ತಾನೆ. ಆದರೆ ಸ್ಲೈಡ್ ಇದ್ದ ಗಾಡಿಯ ಯಜಮಾನ, ಒಬ್ಬ ಇಂಗ್ಲಿಷ್ ಎಂಜಿನಿಯರ್, ಮುಂದಿನ ವಾರ ದೇಶ ಬಿಡುವವನಿದ್ದ. ಮುಂದಿನ ವಾರ ಹೋಗುವವನನ್ನು ಕಂಡರೆ ನನ್ನ ವಿವೇಕ ಹಿಂದೆ ಸರಿಯುತ್ತದೆ.

ವಾರಿಜಾಳನ್ನೂ ಕರೆದುಕೊಂಡು ಹೋದೆ. ಎಂಜಿನಿಯರ್ ಗುಂಡಿ ಒತ್ತಿದ. ಒಳಗೆಲ್ಲೋ ಟಕ್ ಎಂದಿತು, ಅಷ್ಟೇ. ಅವನು ನಾಚಿಕೆಯಿಂದ ಮತ್ತೆ ಒತ್ತಿದ. ನಾನು ಗೋಡೆಯನ್ನು ಮುಟ್ಟಿ ಉಸಿರು ಬಿಟ್ಟೆ. ಜೀವಮಾನದಲ್ಲೇ ಅಷ್ಟು ದೀರ್ಘವಾದದ್ದು ಬಿಟ್ಟಿರಲಿಲ್ಲ. ಹೆಂಡತಿ ಅಷ್ಟರಲ್ಲಿ ಸೋಫಾಕ್ಕೂ ಒಲೆಗೂ ನಡುವಿನ ಓಣಿಯಲ್ಲಿ ಅಡ್ಡ ತಿರುಗಿ ನಡೆದು ಹಿಂದಿನ ಮಂಚದವರೆಗೆ ಹೋಗಿ ಬಂದಳು.

"ಇದು ಹೊರಗೆ ಬರದಿದ್ರೆ ಎಷ್ಟು ಜನ ಮಲಗಬಹುದು ಕೇಳಿ."

ಕೇಳಿದೆ. ಇಬ್ಬರೇ ಎಂದು ಅವನು ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ.

"ಇದೇ ತಗೊಳ್ಳುವ" ಎಂದಳು.

ಗಿರಾಕಿಯ ಕಡೆಯವರು ಹೀಗೆ ಬಾಯಿ ಬಿಟ್ಟರೆ ವ್ಯಾಪಾರ ಕೆಟ್ಟಿತು. ಅವನಿಗೆ ಕನ್ನಡ ಬಾರದೆ ನಾನು ಬಚಾವಾದೆ. ಅವಳಿಗೆ ಇದು ಹಿಡಿಸಲಿಲ್ಲವಂತೆ ಎಂದು ಇಂಗ್ಲಿಷಿನಲ್ಲಿ ತರ್ಜುಮೆ ಮಾಡಿ ಇನ್ನಷ್ಟು ಇಳಿಸಿದೆ.

ಮೊದಲ ಕೆಲವು ವಾರಗಳ ಬಗ್ಗೆ ಹೆಚ್ಚು ಬರೆಯಲಾರೆ. ಗುರುವಾರ ಸಂಜೆ ಅಂಗಡಿ ಮುಚ್ಚಿ ಸಖೀರಿನ ದಾರಿ ಹಿಡಿಯುವುದು, ಗಟ್ಟಿ ನೆಲ ನೋಡಿ ನಿಲ್ಲಿಸುವುದು. ನಿಂತ ಕೂಡಲೇ ವಾರಿಜಾ ಎದ್ದು ಬಾಗಿಲಿನ ಚಿಲಕ ಹಾಕುತ್ತಿದ್ದಳು. ಒಮ್ಮೆ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದಳು. ಆಮೇಲೆ ಏನೂ ಮಾಡುತ್ತಿರಲಿಲ್ಲ. ಕಾಲು ಚಾಚಿ ಕುಳಿತು ಕಿಟಕಿಯಲ್ಲಿ ಮರಳು ನೋಡುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಹಾಡುತ್ತಾಳೆಂಬುದು ನನಗೆ ಗೊತ್ತಾದದ್ದು ಅಲ್ಲಿ. ದಿನಕರ ಒಂದೆರಡು ಸಲ ಕೇಳಿದ: "ಅತ್ತಿಗೆ, ಈ ಸಲ ನಾನೂ ಬರ್ಲಾ?" ಅವಳ ಮುಖದಲ್ಲಿ ಎಂಥ ಮರುಕ! "ಬಾ ಅನ್ನುವ ಅಂದ್ರೆ ಆ ಕೋಣೆ ಹಾಳಾಗಿದೆ ಮಾರಾಯ. ಹೊರಗೇ ಬರುದಿಲ್ಲ. ನಿನ್ನನ್ನು ಎಲ್ಲಿ ಮಲಗಿಸುದು?"

ನಾನಾದರೋ ಆ ಮಾತನ್ನು ಬೇರೆ ಕಿವಿಯಿಂದ ಕೇಳಿದೆ. ಹೆಂಡತಿ ಕೊರಗುತ್ತಿದ್ದಾಳೆ, ನೆಂಟರ ಮುಂದೆ ಮಾನ ಹೋಗುತ್ತಿದೆ ಎಂದುಕೊಂಡೆ. ಒಬ್ಬ ಮಲಯಾಳಿ ಮೆಕ್ಯಾನಿಕ್ಕನನ್ನು ನಮ್ಮ ಮನೆಯ ಕೆಳಗೆ ಗಾಡಿ ನಿಲ್ಲಿಸುತ್ತಿದ್ದ ಜಾಗಕ್ಕೆ ಕಳಿಸಿದೆ. ಮೇಡಂ ಚಹಾ ಕೊಟ್ಟು ಇವತ್ತು ಬೇಡವೆಂದರು ಎಂದು ಹಿಂದೆ ಬಂದ. ಮುಂದಿನ ವಾರವೂ ಹಾಗೇ. ಈ ಸಲ ಚಹಾದ ಜೊತೆ ಗೋಳಿಬಜೆಯನ್ನೂ ತಿಂದಿದ್ದ. ಖರ್ಚಾಗುತ್ತದೆಂದು ಅವಳಿಗೆ ಸಂಕೋಚ ಇರಬೇಕು ಎಂದು ನನ್ನ ಕಣ್ಣು ಒದ್ದೆಯಾಯಿತು. ಅವಳಿಗೆ ತಿಳಿಸದೆ ಗಾಡಿಯನ್ನು ಗ್ಯಾರೇಜಿಗೇ ಒಯ್ದೆ. ಮೋಟರು ಬದಲಾಯಿತು, ಹಳಿ ಸ್ವಚ್ಛವಾಯಿತು, ಹೊಸ ರಬ್ಬರು ಬಂತು. ನಾನು ಮಾಡಿದ ಚೌಕಾಸಿಗೆ ಮೆಕ್ಯಾನಿಕ್ ಕೈಮುಗಿದ.

ಮುಂದಿನ ಗುರುವಾರ ಅಂಗಡಿಯ ಆಚೀಚಿನ ಗೆಳೆಯರಿಗೆ ಸಖೀರಿಗೆ ಚಹಾಕ್ಕೆ ಬನ್ನಿ ಎಂದೆ. ದಿನಕರನೂ ಬಂದ. ಎಲ್ಲರನ್ನೂ ಮರಳಿನಲ್ಲಿ ಸಾಲಾಗಿ ನಿಲ್ಲಿಸಿ, ವಾರಿಜಾಳಿಗೆ ಕಣ್ಣು ಹೊಡೆದು ಗುಂಡಿ ಒತ್ತಿದೆ. ಗುಂಯ್ ಎನ್ನುತ್ತ ಗೋಡೆ ಹೊರಗೆ ಬಂತು. ಚಪ್ಪಾಳೆ ಬಿತ್ತು.

"ಅಬ್ಬಬ್ಬಾ, ಮದುವೆ ಹಾಲ್ ಅಣ್ಣ ಇದು!" ಎಂದ ದಿನಕರ. "ಐದು ಜನ ಆರಾಮಲ್ಲಿ ಮಲಗಬಹುದು."

"ಆರು" ಎಂದೆ ನಾನು, ಮಾಲಿನ ಗುಣ ಹೇಳುವ ಹುರುಪಿನಲ್ಲಿ.

ವಾರಿಜಾ ಲೋಟಗಳನ್ನು ಒಟ್ಟುಮಾಡಿ ಒಳಗೆ ಹೋದಳು.

ಆ ಮೇಲಿನ ವಾರಗಳಲ್ಲಿ ಗಾಡಿ ಎಂದೂ ಖಾಲಿ ಹೋಗಲಿಲ್ಲ. ದಿನಕರ ಬಂದ, ಅವನ ಕ್ಯಾಂಪಿನ ಗೆಳೆಯರು ಬಂದರು, ಗುದೈಬಿಯಾದ ಹಾಲ್ ಇಡಿಯಾಗಿ ಮರುಭೂಮಿಗೆ ಬಂತು. ಸಾರಿನ ಪಾತ್ರೆಯೂ ಜೊತೆಗೆ. ಒಂದು ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ವಾರಿಜಾ ಮಂಚದಲ್ಲಿಲ್ಲ. ಸ್ಲೈಡಿನಲ್ಲಿ ಚಾಪೆ ತುಂಬ ಕಾಲುಗಳು. ದಾಟಿಕೊಂಡು ಮುಂದೆ ಹೋದೆ. ಡ್ರೈವರ್ ಸೀಟಿನ ಹಿಂದೆ ಒಂದು ಪರದೆಯಿತ್ತು. ಅದನ್ನು ಎಳೆದುಕೊಂಡು, ಸ್ಟೇರಿಂಗಿನ ಮುಂದೆ ಕುಳಿತಿದ್ದಳು. ಕೈಯಲ್ಲಿ ಪರದೆಯ ತುದಿ ಬಿಗಿಯಾಗಿ ಹಿಡಿದಿದ್ದಳು, ಯಾರಾದರೂ ತೆಗೆದಾರು ಎಂಬಂತೆ.

"ಇಲ್ಲೆಂತ ಮಾಡ್ತಿ?"

"ಬಾಗಿಲು ಹಾಕಿ ಕೂತಿದ್ದೇನೆ" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

ಅಷ್ಟು ಹೊತ್ತಿಗೆ ನನಗೆ ಮೆಕ್ಯಾನಿಕ್ ತಿಂದ ಗೋಳಿಬಜೆಯ ಅರ್ಥವಾಯಿತು. ಮುಂದಿನ ಗುರುವಾರ ಹೊರಡುವ ಮೊದಲು, ಯಾರೂ ಇಲ್ಲದಾಗ, ಸ್ಲೈಡಿನ ಫ್ಯೂಸನ್ನು ಕಿತ್ತು ಕಿಸೆಗೆ ಹಾಕಿಕೊಂಡೆ. ದಿನಕರ ಚೀಲ ಹೆಗಲಿಗೆ ಹಾಕಿ ಬಂದು ತಾನೇ ಗುಂಡಿ ಒತ್ತಿದ. ಟಕ್ ಎಂದೂ ಆಗಲಿಲ್ಲ.

"ಎಂತಾಯ್ತು ಅಣ್ಣ?"

ಬಾಯಿ ತೆರೆದೆ. ಬೇರೆಯವರ ಗಾಡಿಯಾದರೆ ಸುಳ್ಳು ಸಲೀಸಾಗಿ ಬರುತ್ತಿತ್ತು. ನಾನೇ ಮೋಸ ಹೋದೆ ಎಂಬ ಸುಳ್ಳು ಹೊರಗೆ ಬರಲಿಲ್ಲ. ವಾರಿಜಾ ನನ್ನನ್ನು ನೋಡಿದಳು, ನನ್ನ ಕಿಸೆಯ ಮೇಲಿದ್ದ ಕೈಯನ್ನು ನೋಡಿದಳು.

"ಪುನಃ ಹಾಳಾಯ್ತು" ಎಂದಳು ಗಂಭೀರವಾಗಿ. "ಮೋಟರು ಹಾಕಿದ್ದೂ ದಂಡ. ನಿನ್ನ ಅಣ್ಣ ಪೇಟೆಗೆಲ್ಲ ಬುದ್ಧಿ ಹೇಳ್ತಾರೆ. ಇದರಲ್ಲಿ ಮಾತ್ರ ಆ ಇಂಗ್ಲಿಷಿನವ ಅವರಿಗೆ ಚೆಂದ ಮಾಡಿ ಟೋಪಿ ಹಾಕಿ ಹೋದ. ಅಲ್ಲವಾ?"

ದಿನಕರ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ನನ್ನ ವ್ಯಾಪಾರದ ಬದುಕಿನಲ್ಲಿ ಅಷ್ಟು ಭಾರದ ವಸ್ತುವನ್ನು ನಾನು ಎತ್ತಿದ್ದಿಲ್ಲ.

ಸುದ್ದಿ ಭಾನುವಾರದೊಳಗೆ ಪೇಟೆ ಸುತ್ತಿತು. ಈಗಲೂ ಹಳೆಯ ಸೋಫಾ ಮಾರಲು ಬಂದವರು ನನ್ನ ಉಸಿರಿಗೆ ಹಿಂದಿನಷ್ಟು ಹೆದರುವುದಿಲ್ಲ.

ನೀವು ಇಂಥ ಗಾಡಿ ಕೊಳ್ಳುವವರಾದರೆ ನನ್ನ ಮಾತು ಕೇಳಿ. ಸ್ಲೈಡನ್ನು ಒಮ್ಮೆಯಲ್ಲ, ಹಲವು ಸಲ ಹೊರಗೆ ಒಳಗೆ ಮಾಡಿಸಿ. ಎರಡು ತುದಿಯೂ ಒಟ್ಟಿಗೆ ಹೊರಡಬೇಕು, ಒಟ್ಟಿಗೆ ನಿಲ್ಲಬೇಕು. ಹಗಲು ಹೊತ್ತು ಪರದೆಗಳನ್ನೆಲ್ಲ ಎಳೆದು ಒಳಗೆ ನಿಂತು ನೋಡಿ. ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿ ಮರಳೂ ಬರುತ್ತದೆ. ಮೂಲೆಯ ನೆಲವನ್ನು ಹೆಬ್ಬೆರಳಿನಿಂದ ಒತ್ತಿ, ಕಾರ್ಪೆಟ್ಟನ್ನು ಮೂಸಿ. ಕರೆಂಟು ಹೋದಾಗ ಕೈಯಲ್ಲೇ ತಿರುಗಿಸಿ ಒಳಗೆ ತರುವ ಹಿಡಿ ಎಲ್ಲಿದೆ ಎಂದು ಮಾರುವವನಿಂದಲೇ ತೋರಿಸಿಕೊಳ್ಳಿ, ಏಕೆಂದರೆ ಕೋಣೆ ಹೊರಗೇ ಸಿಕ್ಕಿಕೊಂಡರೆ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ಎಲ್ಲ ಮುಚ್ಚಿದಾಗ ಮಂಚಕ್ಕೂ ಬಚ್ಚಲಿಗೂ ಹೋಗಲು ದಾರಿ ಉಳಿಯುತ್ತದೆಯೇ ನೋಡಿ. ಹೆಂಡತಿಯನ್ನು ತಪ್ಪದೆ ಜೊತೆಗೆ ಕರೆದುಕೊಂಡು ಹೋಗಿ. ಕೋಣೆ ಹೊರಗೆ ಬರುವಾಗ ಕೋಣೆಯನ್ನಲ್ಲ, ಅವಳ ಮುಖವನ್ನು ನೋಡಿ. ಎಲ್ಲವೂ ಸರಿಯಿದ್ದರೆ ಕೊಳ್ಳಿ, ಕೊಂಡ ಮೇಲೆ ಸರಿಯಿದೆಯೆಂದು ಯಾರಿಗೂ ಹೇಳಬೇಡಿ. ಕೇಳಿದವರಿಗೆ ಮೋಸ ಹೋದೆ ಎಂದುಬಿಡಿ. ಹಾಗೆ ಹೇಳಿ ಹೇಳಿ ಅಭ್ಯಾಸವಾಗುತ್ತದೆ ಎನ್ನುತ್ತಾಳೆ ವಾರಿಜಾ. ನನಗೆ ಇನ್ನೂ ಆಗಿಲ್ಲ.