ಚಕಮಕಿ ಬಂದೂಕೂ ನನ್ನ ಅನುಮಾನವೂ

ಅನುಮಾನಪಡುವುದನ್ನು ಜನ ಕೆಟ್ಟ ಗುಣ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಸಂಸಾರಸ್ಥನ ಕರ್ತವ್ಯ. ಮೈಸೂರಿನಲ್ಲಿದ್ದಾಗ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ, ಬದನೆಕಾಯಿಯಲ್ಲಿ ಹುಳುಕು ಹುಡುಕದೆ ಚೀಲಕ್ಕೆ ಹಾಕಿಕೊಂಡವನಲ್ಲ ನಾನು. ಇಲ್ಲಿ ಜಾರ್ಜ್‌ಟೌನ್‌ನಲ್ಲಿ ಮನೆ ಕೊಳ್ಳುವಾಗಲೂ ಗೋಡೆಗಳನ್ನೆಲ್ಲ ಬೆರಳಿನಿಂದ ಬಡಿದು ನೋಡಿದ್ದೆ. ಎಲ್ಲವೂ ಟೊಳ್ಳೆಂದೇ ಕೇಳಿಸಿತು. ಈ ದೇಶದ ಗೋಡೆಗಳೇ ಹಾಗಂತೆ. ಅದನ್ನೂ ನಾನು ಇನ್ನೂ ಪೂರ್ತಿ ನಂಬಿಲ್ಲ.

ಇಂಥ ನಾನು ಬಂದೂಕು ಕೊಳ್ಳಬೇಕಾಗಿ ಬಂತು. ಪಕ್ಕದ ಮನೆಯ ವೇನ್ ಎಂಬ ನಿವೃತ್ತ ಮನುಷ್ಯ ಶನಿವಾರಗಳಂದು ಗೆಳೆಯರ ಜೊತೆ ಹಳೇ ಕಾಲದ ಚಕಮಕಿ ಬಂದೂಕಿನ ನಕಲುಗಳಲ್ಲಿ ಗುರಿ ಹೊಡೆಯುತ್ತಾನೆ. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಹೊರಗಿನ ಪುಟ್ಟ ಬಟ್ಟಲಿನ ಮದ್ದು ಭುಗ್ಗೆನ್ನಬೇಕು, ಆ ಬೆಂಕಿ ಪಕ್ಕದ ಸಣ್ಣ ತೂತಿನಿಂದ ನಳಿಗೆಯೊಳಗೆ ಹೋಗಬೇಕು, ಆಗ ಗುಂಡು. ಎರವಲು ಬಂದೂಕಿನಲ್ಲಿ ಹೊಡೆದು ನನಗೂ ರುಚಿ ಹತ್ತಿತು. "ಎರವಲು ಅತಿಥಿಗಳಿಗೆ ಮಾತ್ರ. ಸ್ವಂತದ್ದು ತಂದು ಎಲ್ಲರೆದುರು ಹೊಡೆದು ತೋರಿಸು, ಆಮೇಲೆ ನೀನು ನಮ್ಮವನು. ನಾನು ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ" ಎಂದ ವೇನ್. ಈ ಊರಿಗೆ ಬಂದಮೇಲೆ ಕನ್ನಡದವರನ್ನು ಬಿಟ್ಟು ಬೇರೆ ಯಾರೂ ನನ್ನನ್ನು ನಮ್ಮವನು ಎಂದಿರಲಿಲ್ಲ. ಆ ರಾತ್ರಿಯೇ ಬಂದೂಕಿನಂಗಡಿಗಳ ಪಟ್ಟಿ ಮಾಡಲು ಕೂತೆ.

ಹೆಂಡತಿ ಗಿರಿಜೆಯನ್ನು ಕರೆದುಕೊಂಡು ಡಲ್ಲಾಸಿಗೆ ಹೋದೆ. ಅಂಗಡಿಯವನು "ಇಷ್ಟವಾಗದಿದ್ದರೆ ವಾಪಸ್ ತನ್ನಿ" ಎಂದ. ತನ್ನ ಮಾಲಿನ ಮೇಲೆ ನಂಬಿಕೆಯಿದ್ದವನು ವಾಪಸಿನ ಮಾತೆತ್ತುತ್ತಾನೆಯೇ? ಬಿಟ್ಟು ಬಂದೆ. ಮರುವಾರ ಹ್ಯೂಸ್ಟನ್. ಅಲ್ಲಿಯವನು ಮಾರಿದ್ದನ್ನು ವಾಪಸ್ ತಗೊಳ್ಳುವುದಿಲ್ಲ ಎಂದ. ವಾಪಸ್ ಬಂದೇ ಬರುತ್ತದೆಂದು ಅವನಿಗೆ ಗೊತ್ತಿದೆ ಎಂದಾಯಿತಲ್ಲ! ಮರದ ಹಿಡಿಯನ್ನು ಬಡಿದೆ, ನಳಿಗೆಯನ್ನು ಮೂಸಿದೆ, ಚಕಮಕಿ ಕಲ್ಲನ್ನು ಉಗುರಿನಿಂದ ಕೆರೆದೆ. ಬಂದೂಕು ಹಳೆಯದರ ಹಾಗೇ ಇದೆ, ಹಾಗಾದರೆ ಹಳೆಯದೇ ಇರಬಹುದಲ್ಲ ಎಂಬ ಅನುಮಾನವೂ ಬಂತು. "ಇದೇನ್ ಹೆಣ್ಣು ನೋಡ್ಲಿಕ್ಕೆ ಬಂದೀರೇನ್ರಿ?" ಎಂದಳು ಧಾರವಾಡದ ಗಿರಿಜೆ. "ನನ್ನ ನೋಡ್ಲಿಕ್ಕೆ ಬಂದಾಗೂ ಇಷ್ಟು ನೋಡಿರಲಿಲ್ಲ. ಸಾಕ್ರಿ, ಬಿಲ್ ಮಾಡಿಸ್ರಿ." ಅಷ್ಟರಲ್ಲಿ ಅಂಗಡಿಯವನೇ, "ಇದು ಹೆಗಲಿಗೆ ಒದೆಯುತ್ತದೆ, ಹೊಗೆ ಕಾರುತ್ತದೆ, ತೊಳೆಯುವುದು ದೊಡ್ಡ ಗೋಳು" ಎಂದ. ತನ್ನ ಮಾಲನ್ನು ತಾನೇ ಬೈಯುವವನು ಒಂದೋ ಪ್ರಾಮಾಣಿಕ, ಇಲ್ಲವೇ ಎಲ್ಲರಿಗಿಂತ ಖದೀಮ. ಗಿರಿಜೆಯ ಮುಖ ನೋಡಿ ಪ್ರಾಮಾಣಿಕನೆಂದೇ ತೀರ್ಮಾನಿಸಿ ಬಿಲ್ ಮಾಡಿಸಿದೆ.

ಆ ವಾರವೇ ಆಯುಧಪೂಜೆ. ಕಾರು, ಲ್ಯಾಪ್‌ಟಾಪ್, ಮಿಕ್ಸಿಗಳ ಸಾಲಿನಲ್ಲಿ ಈ ಸಲ ನಿಜವಾದ ಆಯುಧವೊಂದು ಮಲಗಿತು. "ಒಂದು ಬೊಟ್ಟು ಸಾಕ್ರಿ" ಎಂದಳು ಗಿರಿಜೆ. ಒಂದರ ಮೇಲೆ ನನಗೆ ಭರವಸೆ ಬರಲಿಲ್ಲ. ಗಂಧ ಕುಂಕುಮ ಗಟ್ಟಿಯಾಗಿ ಕಲಸಿ ಮರಕ್ಕೂ ಕಬ್ಬಿಣಕ್ಕೂ ಧಾರಾಳವಾಗಿ ಇಟ್ಟೆ.

ಶನಿವಾರ ಗಿರಿಜೆಯೂ ಜೊತೆಗೆ ಬಂದಳು. ಎಲ್ಲರೆದುರು ಗುರಿಯಿಟ್ಟು ಟ್ರಿಗರ್ ಎಳೆದೆ. ಬಟ್ಟಲಿನ ಮದ್ದು ಭುಗ್ಗೆಂದಿತು, ಅಷ್ಟೇ. ಗುಂಡು ಹಾರಲಿಲ್ಲ. "ನಳಿಗೆ ಗುರಿಯ ಕಡೆಗೇ ಇರಲಿ, ಸ್ವಲ್ಪ ತಡಿ" ಎಂದ ವೇನ್. ಕಾದು, ಬಟ್ಟಲಿಗೆ ಹೊಸ ಮದ್ದು ಹಾಕಿ ಮತ್ತೆ ಎಳೆದೆ, ಮತ್ತೆ ಅದೇ. ಯಾರೋ ಕೆಮ್ಮಿದರು. ಹ್ಯೂಸ್ಟನ್ನಿನವನಿಗೆ ಮನಸ್ಸಿನಲ್ಲೇ ಸಹಸ್ರನಾಮಾರ್ಚನೆ ಮಾಡುತ್ತಿದ್ದೆ. ಅಷ್ಟರಲ್ಲಿ ವೇನ್ ತಂತಿಯೊಂದನ್ನು ತೂತಿಗೆ ಹಾಕಿ ಕೆದಕಿದ. ಕೆಂಪು ಗಟ್ಟಿ ಮುದ್ದೆ ಬಂತು. ಮೂಸಿ ನೋಡಿ, "ಮುಂದಿನ ಸಲ ಪೂಜೆಯಾದ ಮೇಲೆ ಒರೆಸಿ ತಾ" ಎಂದ. ಈ ಸಲ ಮದ್ದು ಹಾಕಿ ಎಳೆದಾಗ ಢಮ್ಮೆಂದಿತು. ಗುರಿಹಲಗೆಯ ಅಂಚು ಸೀಳಿತು. ಚಪ್ಪಾಳೆಯೂ ಬಿತ್ತು, ಬೆನ್ನ ಮೇಲೆ ಏಟುಗಳೂ ಬಿದ್ದವು. ನಾನು ಅವರವನಾದೆ.

ಆದರೆ ಪೂಜೆಯ ವಿಷಯ ವೇನ್‌ಗೆ ಹೇಗೆ ತಿಳಿಯಿತು? ವಾಪಸ್ ಬರುವಾಗ ಕಾರಿನಲ್ಲಿ ಗಿರಿಜೆಯನ್ನು ಓರೆಗಣ್ಣಿನಿಂದ ನೋಡಿದೆ. "ನೀನೇನಾದರೂ ಹೇಳಿದೆಯಾ?"

"ನಾ ಯಾಕ್ ಹೇಳ್ಲಿರಿ? ಬೊಟ್ಟು ಇಡೋ ಫೋಟೋ ನನ್ನ ಕಡೆಯಿಂದ ತೆಗಿಸಿ, ಅವರ ಗ್ರೂಪಿಗೆ ಕಳಿಸಿದವರು ಯಾರ್ರಿ?"

ಮನೆ ಮುಟ್ಟಿದ ಮೇಲೆ ಫೋನು ತೆಗೆದು ನೋಡಿದೆ. ನನ್ನ ಹೆಬ್ಬೆರಳು ಸರಿಯಾಗಿ ಆ ತೂತಿನ ಮೇಲೇ ಇತ್ತು. ಫೋಟೋವನ್ನು ಯಾರಾದರೂ ತಿದ್ದಿರಬಹುದೇ ಎಂದು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ.