ಸುಮತಿಗೆ ಹೇಳುವುದೋ ಬೇಡವೋ

ಆಟಕ್ಕೆ ಬರಬೇಕಿದ್ದ ಬ್ರಹ್ಮಾವರದ ಮೂವರೂ ಒಂದೇ ಬೀಗರೂಟಕ್ಕೆ ಹೋಗಬೇಕಾಗಿ ಬಂದದ್ದೇ ಎಲ್ಲದಕ್ಕೂ ಮೂಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವರಲ್ಲೊಬ್ಬಳಾದ ಮೋಕ್ಷಿತಾ ಫೋನ್ ಮಾಡಿ, "ಅಕ್ಕಾ, ಬೇಜಾರ್ ಮಾಡ್ಕಣ್ಬೇಡಿ, ಕೋಳಿ ಸುಕ್ಕ ಇತ್ತಂಬ್ರ್" ಎಂದಳು. ಚಂದನಾಳ ನಾಲ್ಕು ತಿಂಗಳ ಕೆಲಸ ಒಂದು ಕೋಳಿ ಸುಕ್ಕದ ಮುಂದೆ ಸೋತಿತು.

ಚಂದನಾ ಕುಂದಾಪುರದ ಗೇರುಬೀಜ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ವಯಸ್ಸು ನಲವತ್ತೊಂದು. ಅವಳು ಆಟ ಬರೆಯುತ್ತಾಳೆ ಎಂಬುದು ಓಣಿಯಲ್ಲಿ ಎಲ್ಲರಿಗೂ ಗೊತ್ತು, ಎಂಥ ಆಟ ಎಂಬುದು ಯಾರಿಗೂ ಗೊತ್ತಿಲ್ಲ. ಮೇಜಿನ ಸುತ್ತ ಕೂತು ಆಡುವ ರೋಲ್ ಪ್ಲೇಯಿಂಗ್ ಗೇಮ್ ಅದು. ಒಬ್ಬರು ಕತೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು, ಕೊನೆಗೆ ಒಂದು ಧರ್ಮಸಂಕಟದಲ್ಲಿ ಸಿಕ್ಕಿಕೊಂಡು ತೀರ್ಮಾನ ಹೇಳಬೇಕು. ಗೆಲ್ಲುವವರಿಲ್ಲ, ಸೋಲುವವರೂ ಇಲ್ಲ. "ಹಾಂಗಾರೆ ಆಡುದ್ ಎಂತಕೆ?" ಎಂದು ಗಂಡ ಪಾಂಡು ಮೊದಲ ವರ್ಷವೇ ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗಿದ್ದ.

ಈಗ ಬೆಂಗಳೂರಿನ ಒಂದು ಪುಟ್ಟ ಪ್ರಕಾಶನ ಅವಳ ಹನ್ನೆರಡು ಪುಟದ ಆಟವನ್ನು ಮೆಚ್ಚಿತ್ತು. ಷರತ್ತು ಒಂದೇ. ಮೂರು ಮಂದಿ ಅದನ್ನು ಕೊನೆಯವರೆಗೆ ಆಡಿ ಮುಗಿಸಿದ ವರದಿ ಬೇಕು, ಈ ದಿನ ರಾತ್ರಿ ಎಂಟರೊಳಗೆ. ಹಿಂದೆ ನಾಲ್ಕು ಸಲ ಆಡಿಸಿದಾಗಲೂ ಕತೆ ಬಿಗಿಯಾಗುವ ಹೊತ್ತಿಗೆ ಯಾರಾದರೊಬ್ಬರ ಬಸ್ಸು ಬಂದುಬಿಟ್ಟಿತ್ತು.

ಪಾಂಡುವನ್ನೇ ಕೂರಿಸೋಣವೆಂದರೆ ಅವನು ಆಗಲೇ ಚಪ್ಪಲಿ ಮೆಟ್ಟಿದ್ದ.

"ಶಿರೂರಿಗೆ ಹೋಯ್ಕ್. ಗಣಪ ಮಾವನ ಬಾಯಿ ಪಂಪ್ ಮತ್ತೆ ಕೆಟ್ಟಿತ್ತ್."

ಬಾವಿಯ ಆ ಪಂಪು ಏಳು ತಿಂಗಳಿಂದ ಪ್ರತಿ ಭಾನುವಾರ ಕೆಡುತ್ತಿತ್ತು. ಪಾಂಡು ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್. ನೆಂಟರ ಪಂಪು ನೋಡದೆ ಇರಲಾಗುತ್ತದೆಯೇ ಎಂದು ಚಂದನಾ ಒಳ್ಳೆಯ ಮನಸ್ಸಿನಿಂದಲೇ ಅವನ ಡಬ್ಬಿಗೆ ನಾಲ್ಕು ಕಡುಬು ಹಾಕಿ ಕೊಟ್ಟಳು.

ಮಧ್ಯಾಹ್ನ ದಾಟಿದ ಮೇಲೆ ಬೇಲಿಯ ಹತ್ತಿರ ನಿಂತು ಕೂಗಿದಳು. ಮೀನು ಮಾರಿ ಬಂದಿದ್ದ ಕಮಲಕ್ಕ, ಹೊಲಿಗೆ ಮಿಷನ್ ನಿಲ್ಲಿಸಿದ ಬೇಬಿ, ಬೈಂದೂರು ಕಡೆಗೆ ಮೀನಿನ ಟೆಂಪೋ ಓಡಿಸುವ ಪದ್ದು, ಮೂವರೂ ಬಂದರು. ಮೂವರಿಗೂ ಅವರವರ ಮನೆಗಿಂತ ಪಕ್ಕದ ಮನೆಯ ಸಂಗತಿ ಚೆನ್ನಾಗಿ ಗೊತ್ತು.

"ವೇಷ ಇಲ್ಲೆ, ಚೆಂಡೆ ಇಲ್ಲೆ, ಇದೆಂತ ಆಟ ಹೆಣೆ?" ಎಂದಳು, ಆಟವೆಂದರೆ ಯಕ್ಷಗಾನವೆಂದೇ ತಿಳಿದಿದ್ದ ಕಮಲಕ್ಕ ಕಾಲು ಚಾಚಿ ಕೂರುತ್ತ.

ಚಂದನಾ ಪ್ರತಿಯೊಬ್ಬರ ಮುಂದೆ ಆರಾರು ಹುರಿದ ಗೇರುಬೀಜ ಇಟ್ಟಳು. ಅದು ಅವರವರ ಧೈರ್ಯ. ಒಂದು ಪ್ರಶ್ನೆ ಕೇಳಬೇಕಾದರೆ ಒಂದು ಬೀಜ ಬಟ್ಟಲಿಗೆ ಹಾಕಬೇಕು. ಕೊನೆಗೆ 'ಹೇಳಬೇಕು', 'ಹೇಳಬಾರದು' ಎಂಬ ಎರಡು ಲೋಟಗಳಲ್ಲಿ ಒಂದಕ್ಕೆ ಬೀಜ ಹಾಕಿ ತೀರ್ಮಾನ ಮಾಡಬೇಕು, ಒಮ್ಮೆ ಆದರೆ ಆಯಿತು, ಬದಲಿಸುವಂತಿಲ್ಲ. ನಿಯಮ ಹೇಳಿ ಮುಗಿಯುವುದರೊಳಗೆ ಪದ್ದು ತನ್ನ ಧೈರ್ಯವನ್ನೆಲ್ಲ ತಿಂದಿದ್ದ.

"ಈಗ ಕೇಣಿ," ಎಂದಳು ಚಂದನಾ. "ನಂಗೆ ಗೊತ್ತಿಪ್ಪ ಒಂದ್ ಹೆಣ್ಣ್. ಸುಮತಿ ಅಂದೇಳಿ ಹೆಸ್ರ್. ಅವ್ಳ್ ಗಂಡ ಸುಳ್ಳ್ ಹೇಳಿ ಎಲ್ಲಿಗೋ ಹೋತ. ನೀವ್ ಮೂರ್ ಜನ ಅವ್ಳ್ ನೆರೆಕರೆಯವ್ರ್. ನಿಮ್ಗೆ ವಿಷ್ಯ ಗೊತ್ತಿತ್ತ್. ಅವ್ಳಿಗೆ ಹೇಳ್ತ್ರ್ಯಾ, ಬಿಡ್ತ್ರ್ಯಾ?"

ಕಮಲಕ್ಕ ಚಾಚಿದ ಕಾಲು ಮಡಚಿದಳು, ಪದ್ದು ಅಗಿಯುವುದನ್ನು ನಿಲ್ಲಿಸಿದ. ಚಂದನಾಳಿಗೆ ರೋಮಾಂಚನವಾಯಿತು. ಇಷ್ಟು ವರ್ಷಗಳಲ್ಲಿ ಯಾರೂ ಮೊದಲ ನಿಮಿಷಕ್ಕೇ ಹೀಗೆ ಪಾತ್ರದೊಳಗೆ ಇಳಿದಿರಲಿಲ್ಲ.

ಬೇಬಿ ಒಂದು ಬೀಜ ಹಾಕಿದಳು. "ಸುಮತಿಗೆ ಸಂಶಯ ಇತ್ತಾ?"

"ಚೂರೂ ಇಲ್ಲೆ. ಅವ್ಳ್ ಸ್ವಲ್ಪ ಪೆದ್ದಿ," ಎಂದಳು ಚಂದನಾ ಉತ್ಸಾಹದಿಂದ.

ಬೇಬಿ ಕಮಲಕ್ಕನ ಮುಖ ನೋಡಿದಳು. ಕಮಲಕ್ಕ ಎರಡು ಬೀಜ ಹಾಕಿದಳು. "ಗೊತ್ತಾರೆ ಎಂತ ಮಾಡ್ತ್ಲ್? ಬಾಯಿ ಹಾರುದ್, ಗೀರುದ್?"

"ಇಲ್ಲಪ್ಪ, ಗಟ್ಟಿಗಿತ್ತಿ. ಹೊರ್ಗಿಂದ."

"ಒಳ್ಗಿಂದ?" ಬೇಬಿಯ ದನಿ ಸಣ್ಣದಾಗಿತ್ತು.

ಅದನ್ನು ಚಂದನಾ ಬರೆದಿರಲಿಲ್ಲ. "ಗಂಡ ಒಂದ್ ದಿನ ಆರೂ ತನ್ನೊಟ್ಟಿಗೆ ಕೂಕಣ್ಲಿ ಅಂದೇಳಿ ಆಸೆ. ಅಷ್ಟೇ," ಎಂದಳು. ಹೇಳಿದ ಮೇಲೆ, ಈ ಮಾತು ಎಲ್ಲಿಂದ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಬೇಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪದ್ದು ಮೆಲ್ಲಗೆ ಎದ್ದ. "ನಾನ್ ಹೋತೆ, ಐಸ್ ಹಾಕ್ಕ್..."

"ಕೂಕೋ ಮಾರಾಯ! ಅಂವ ನಿನ್ ಟೆಂಪೋದಗೇ ಅಲ್ದಾ ಹೋಪುದ್!" ಎಂದು ಕಮಲಕ್ಕ ಗದರಿದಳು.

'ಆಟಗಾರರು ತಾವಾಗಿಯೇ ಟೆಂಪೋ ಸೇರಿಸಿದರು' ಎಂದು ಚಂದನಾ ವರದಿಯಲ್ಲಿ ಬರೆದುಕೊಂಡಳು.

ಕಮಲಕ್ಕ ಫೋನ್ ಹಿಡಿದು ಅಂಗಳಕ್ಕೆ ಹೋದಳು. ಆಟದ ಮಧ್ಯೆ ಫೋನ್ ಮಾಡಬಾರದೆಂದರೆ, "ಆಟಕ್ಕೇ ಮಾಡುದ್" ಎಂದಳು. ಐದು ನಿಮಿಷ ಬಿಟ್ಟು ಒಳಗೆ ಬಂದಾಗ ಅವಳ ಮುಖ ಬೆಲೆ ಬಿದ್ದ ದಿನದ ಮೀನು ಬುಟ್ಟಿಯಂತಿತ್ತು. "ಖಾತ್ರಿ ಆಯ್ತ್," ಎಂದಳು.

ಪಿಸಿಪಿಸಿ ಮಾತು ಅರ್ಧ ಗಂಟೆ ನಡೆಯಿತು. ಪದ್ದು, ಬೇಬಿಯಿಂದ ಒಂದು ಬೀಜ ಸಾಲ ತೆಗೆದ. ಕೊನೆಗೆ ಮೂರೂ ಬೀಜ 'ಹೇಳಬಾರದು' ಎಂಬ ಲೋಟಕ್ಕೆ ಬಿದ್ದವು.

ಆಟ ಮುಗಿದಿತ್ತು! ಚಂದನಾ ಎದ್ದು ಕುಣಿಯುವುದೊಂದು ಬಾಕಿ. "ಕಾರಣ ಹೇಳಿ, ಬರ್ಕಂತೆ. ಎಂತಕ್ ಹೇಳುಕಾಗ?"

"ಅವ್ನಿಗ್ ಬೇರೆ ಹೆಣ್ಣ್ ಇದ್ದಿದ್ರೆ ಮೊದ್ಲ್ ಆಯ್ತಾರವೇ ಹೇಳ್ತಿದ್ದೆ," ಎಂದಳು ಕಮಲಕ್ಕ. "ಇದನ್ ಹ್ಯಾಂಗ್ ಹೇಳುದ್? ಕೇಣ್ರೆ ಎದಿ ಒಡಿತ್ತ್."

ಚಂದನಾಳ ಪೆನ್ನು ನಿಂತಿತು. ಸುಮತಿಯ ಗಂಡ ಎಲ್ಲಿಗೆ ಹೋಗುತ್ತಾನೆಂದು ಹನ್ನೆರಡು ಪುಟಗಳಲ್ಲಿ ಅವಳು ಎಲ್ಲೂ ಬರೆದಿರಲಿಲ್ಲ.

"ಇದನ್ ಅಂದ್ರೆ, ಯಾವ್ದನ್?"

ಅವರ ಓಣಿಯಲ್ಲಿ ಯಾವ ಹೆಂಗಸೂ ತನ್ನ ಕಷ್ಟವನ್ನು ತನ್ನದೆಂದು ಹೇಳಿಕೊಂಡವಳಲ್ಲ. 'ನಂಗೆ ಗೊತ್ತಿಪ್ಪ ಒಂದ್ ಹೆಣ್ಣ್' ಎಂದೇ ಶುರುಮಾಡುವುದು. ಕೇಳುವವರು ಆ ಹೆಣ್ಣು ಯಾರೆಂದು ಕೇಳುವುದಿಲ್ಲ, ಎದುರಿಗೆ ಕೂತವಳಿಗೆ ಒಂದು ಲೋಟ ನೀರು ಕೊಡುತ್ತಾರೆ. ಬೇಬಿ ಈಗ ನೀರು ತಂದಳು.

"ನೀನ್ ಬಾಯ್ ಬಿಟ್ಟ್ ಕೇಣುಕಾಯ್ದೆ ಹೀಂಗ್ ಕೇಂಡದ್ದ್ ಅಂದೇಳಿ ನಮ್ಗೆ ಗೊತ್ತಾಯ್ಲಿಲ್ಯಾ? ಕುಡಿ."

"ಗಣಪ ಮಾವನ ಪಂಪ್..." ಎಂದಳು ಚಂದನಾ.

"ಆ ಬಾಯಿಗೆ ಪಂಪೇ ಇಲ್ಲೆ," ಎಂದ ಪದ್ದು ನೆಲ ನೋಡುತ್ತ. "ರಾಟಿ."

"ಹಾಂಗಾರೆ ಇವ್ರ್ ಎಲ್ಲಿಗ್ ಹೋಪುದ್?"

"ಅದನ್ ಹೇಳುಕಾಗ ಅಂದೇಳಿ ತೀರ್ಮಾನ ಆಯ್ತಲ್ಲೆ," ಎಂದಳು ಕಮಲಕ್ಕ ಏಳುತ್ತ. "ಬದ್ಲ್ ಮಾಡುಕಿಲ್ಲೆ ಅಂದದ್ದ್ ನೀನೇ."

ಮೂವರೂ ಸಾವಿನ ಮನೆಯಿಂದ ಹೋಗುವವರಂತೆ, ಬರುತ್ತೇವೆ ಎನ್ನದೆ ಹೋದರು.

ಚಂದನಾ ವರದಿಯನ್ನು ನಾಲ್ಕು ಸಲ ಓದಿದಳು. ಮೂವರು ಕೊನೆಯವರೆಗೆ ಆಡಿದರೇ? ಒಬ್ಬರೂ ಒಂದು ನಿಮಿಷ ಆಡಿರಲಿಲ್ಲ. ಸುಳ್ಳು ಬರೆದು ಕಳಿಸಬಹುದಿತ್ತು. ಧರ್ಮಸಂಕಟದ ಆಟಕ್ಕೆ ಸುಳ್ಳು ವರದಿ ಹೇಗೆ ಕೊಡುವುದೆಂದು ಯೋಚಿಸುತ್ತಿರುವಾಗಲೇ ಎಂಟು ಹೊಡೆಯಿತು.

ಪಾಂಡು ಸಿಳ್ಳೆ ಹಾಕುತ್ತ ಬಂದ.

"ಪಂಪ್ ಸರಿ ಆಯ್ತಾ?"

"ಆಯ್ತ್."

"ರಾಟಿ?"

ಪಾಂಡು ಮೆಟ್ಟಿಲ ಮೇಲೆಯೇ ಕೂತ. ಜೇಬಿನಿಂದ ಒಂದು ನೀಲಿ ದಾಳ ತೆಗೆದು ಕೆಳಗಿಟ್ಟ. ಅವಳದೇ ಜಾತಿಯ ಆಟಗಳಲ್ಲಿ ಉರುಳಿಸುವ ಇಪ್ಪತ್ತು ಮುಖದ ದಾಳ. ಅದೇನೆಂದು ಆ ಓಣಿಯಲ್ಲಿ ಚಂದನಾ ಒಬ್ಬಳಿಗೇ ವಿವರಿಸಬೇಕಾಗಿರಲಿಲ್ಲ.

"ಶಿರೂರ್ ಶಾಲಿ ಸುರಕ್ಷಾ ಟೀಚರ್ ಮನಿಯಗೆ ಐದ್ ಜನ ಆಡ್ತ್," ಎಂದ. "ಅವ್ರ್ ಗಂಡನೂ ಇರ್ತ್ರ್."

"ಏಳ್ ವರ್ಷದಿಂದ ನನ್ನಾಟಕ್ ಕರಿತಾ ಇದ್ದೆ ನಾನ್!"

"ನಿನ್ನಾಟದಗೆ ಯಾರ್ ಸತ್ರೂ ನಂದೇ ತಪ್ಪಾತ್ತ್ ಮಾರಾಯ್ತಿ. ಒಂದ್ ಸಲ ಕೂತದ್ದಕ್ಕೇ ವಾರ ಇಡೀ ನಿದ್ರಿ ಬರ್ಲಿಲ್ಲೆ. ಅಲ್ಲಿ ರಾಕ್ಷಸನ್ ಹೊಡ್ದ್ರೆ ಸಾಯ್ತ. ಎಲ್ರೂ ಚಪ್ಪಾಳೆ ತಟ್ತ್ರ್."

ಚಂದನಾಳಿಗೆ ಬೈಯಬೇಕೆನಿಸಿತು. ಆದರೆ ಚಪ್ಪಾಳೆಯ ಮಾತು ಹೇಳುವಾಗ ಅವನ ಮುಖದಲ್ಲಿ ಮದುವೆಯ ಹೊಸತರಲ್ಲೂ ಕಾಣದ ಬೆಳಕಿತ್ತು. ಅವಳು ಪಕ್ಕದಲ್ಲಿ ಕೂತಳು.

"ಅಲ್ಲಿ ನೀವ್ ಎಂತ?"

"ರಾಜ," ಎಂದ ಪಾಂಡು ನಾಚುತ್ತ.

"ರಾಣಿ?"

ಪಾಂಡು ದಾಳವನ್ನು ಕೈಯಲ್ಲಿ ತಿರುಗಿಸಿದ.

"ರಾಜಂಗೆ ಮದಿ ಆಯ್ಲಿಲ್ಲೆ," ಎಂದ. "ಹೆಂಡ್ತಿ ಇದ್ಲಾ ಅಂದೇಳಿ ಅವ್ರೂ ಕೇಣ್ಲಿಲ್ಲೆ, ನಾನೂ ಹೇಳ್ಲಿಲ್ಲೆ."