ಪೇಟಿ ಇಲ್ಲದ ಕೀರ್ತನೆ

ಯಾದಗಿರಿಯ ನಮ್ಮ ಚರ್ಚಿನಲ್ಲಿ ಹಾಡು ಕಲಿಸುವವಳು ನಾನು. ಎಷ್ಟೇ ಗಂಭೀರವಾಗಿ ಕೆಲಸ ಹಿಡಿದರೂ ಅದು ನಗೆಪಾಟಲಾಗದೆ ಬಿಡುವುದಿಲ್ಲ. ಈ ಸಲ ಒಬ್ಬ ಯುವ ಸಂಗೀತಗಾರ್ತಿ ಬೈಬಲ್ಲಿನ ಕೀರ್ತನೆಯೊಂದಕ್ಕೆ, ದೇವರಿಗಾಗಿ ಕಾಯುವವನ ಮೊರೆಗೆ, ನಾಲ್ಕು ದನಿಗಳ ಹೊಸ ರಾಗ ಹಾಕಿಕೊಟ್ಟಿದ್ದಳು. ಹಾರ್ಮೋನಿಯಂ ಪೇಟಿ, ತಬಲಾ ಏನೂ ಇಲ್ಲ, ಬರೀ ಗಂಟಲು. ಸಭೆಯ ಹಿರಿಯರು ಮೊದಲೇ ಎಚ್ಚರಿಸಿದರು: “ಟೀಚರ್, ಶಹಾಪುರದ ಕೂಟದಾಗ ನಾಕ ಊರ ಮಂದಿ ಮುಂದ ಮಾನ ಹೋತಂದ್ರ, ಹಾಡು ಕಲಸೋದು ಬ್ಯಾರೇದವ್ರಿಗೆ ಕೊಡತೀವ್ರಿ.” ಹನ್ನೆರಡು ವರ್ಷ ಜೀವ ತೇಯ್ದು ಕಟ್ಟಿದ ಗುಂಪು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

೧

ಪೇಟಿ ಬೇಡ ಎಂದೊಡನೆ ಎಲ್ಲರ ದನಿಯೂ ಅಡಗಿತು. “ಅದು ಕಣ್ಣಿಗೆ ಕಾಣಲಿಲ್ಲಂದ್ರ ಬಾಯಿ ಬರಂಗಿಲ್ರಿ” ಎಂದರು. ಸರಿ, ಮುಚ್ಚಿದ ಪೇಟಿಯನ್ನೇ ಎದುರಿಗಿಟ್ಟೆ. ಹಾಡಿದರು. ಮುಗಿದ ಮೇಲೆ ಒಬ್ಬಾತ ಮೆಲ್ಲಗೆ ಬಂದು, “ಟೀಚರ್, ಪೇಟಿ ಇವತ್ತ ಜರಾ ಜೋರ್ ಆತ್ರಿ” ಎಂದ.

೨

ಗುಂಪಿನಲ್ಲಿ ಒಂದೇ ಮನೆಯ ಅಪ್ಪ, ಅವ್ವ, ಮಗಳು ಇದ್ದಾರೆ. ಮೂವರಿಗೂ ಬೇರೆ ಬೇರೆ ರಾಗ ಕಲಿಸಿ, ಮನೆಯಲ್ಲಿ ರೂಢಿ ಮಾಡಿಕೊಳ್ಳಿ ಎಂದಿದ್ದೆ. ಭಾನುವಾರ ನೋಡಿದರೆ ಮೂವರದೂ ಒಂದೇ ರಾಗ! ಶಹಾಪುರಕ್ಕೆ ಆರೇ ದಿನ ಉಳಿದಿತ್ತು. ಅವ್ವ ಸಮಾಧಾನವಾಗಿ ಹೇಳಿದಳು: “ಒಂದ ಮನ್ಯಾಗ ಮೂರು ರಾಗ ಆದ್ರ ಓಣಿ ಮಂದಿ ಏನಂತಾರ್ರೀ? ಕುಂತು ಬಗಿಹರಿಸಿಕೊಂಡೇವಿ.”

೩

ಶಹಾಪುರದಲ್ಲಿ ಕಾಲಿಡಲು ಜಾಗವಿಲ್ಲ. ಹಾಡಿನ ನಡುವೆ, ‘ಕಾಯುತ್ತೇನೆ’ ಎಂಬಲ್ಲಿ, ಎಂಟು ಎಣಿಸುವಷ್ಟು ಹೊತ್ತು ಮೌನವಾಗಿ ನಿಲ್ಲಬೇಕು. ಹಾಡುವವರಿಗೆ ಎಣಿಸಲು ಕಲಿಸಿದ್ದೆ. ಕೂತವರಿಗೆ ಹೇಳುವುದನ್ನು ಮರೆತಿದ್ದೆ. ನಮ್ಮ ಕಡೆ ಹಾಡುವವರು ನಡುವೆ ನಿಂತರೆ ಮಂದಿ ಸುಮ್ಮನೆ ನೋಡುತ್ತ ಕೂಡುವುದಿಲ್ಲ, ತಾವೇ ಹಾಡು ಎತ್ತಿಕೊಡುತ್ತಾರೆ.

ಮೂರು ಎಣಿಸುವಷ್ಟರಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು, “ಪಾಪ, ಮರ್ತಾವ!” ಎನ್ನುತ್ತ ತನಗೆ ಬರುವ ಭಜನೆಯನ್ನೇ ಶುರುಮಾಡಿದಳು. ಇಡೀ ಸಭೆ ಚಪ್ಪಾಳೆ ತಟ್ಟಿ ಅವಳ ಹಿಂದೆ ಹಾಡಿತು. ಮೂರೂ ಚರಣ! ನಾನು ಎತ್ತಿದ ಕೈ ಎತ್ತಿದ ಹಾಗೇ ನಿಂತಿದ್ದೆ, ಕಣ್ಣಲ್ಲಿ ನೀರು. ಅವರು ಮುಗಿಸಿ ಕೂತ ಮೇಲೆ ನಾವು ಉಳಿದರ್ಧ ಹಾಡಿದೆವು.

ಹಿರಿಯರು ನೇರ ನನ್ನತ್ತಲೇ ಬಂದರು. “ಟೀಚರ್, ಎಂಥಾ ಹಾಡ್ರಿ! ನಡುವ ಮಂದಿಗೂ ಹಾಡಾಕ ಜಾಗ ಬಿಟ್ಟೀರಿ. ಮುಂದೂ ನೀವ ಕಲಸ್ರಿ. ಬರೂ ವಾರ ಸುರಪುರ.”

ಅವರ ಹಿಂದಿನಿಂದ ಅಜ್ಜಿ ನನ್ನ ಕೈ ಹಿಡಿದಳು.

“ಹೆದರಬ್ಯಾಡ ಮಗಳ, ಅಲ್ಲೂ ಅದ ಜಾಗದಾಗ ಮರೀರಿ. ನಾ ಮುಂದ ಕುಂದರ್ತೀನಿ.”